ಹೊರಗಿನ ಇಸಿಯುಗೆ ಥ್ರಾಟಲ್ ಪೊಸಿಷನ್ ಸೆನ್ಸರ್ ಜೋಡಿಸುವುದು: ಮಲೆನಾಡಿನ ಗಾಡಿಗಳಿಗೊಂದು ಮಾರ್ಗದರ್ಶಿ

ಕಂಪನಿಯದಲ್ಲದ ಹೊಸ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿದ ಗಾಡಿ ಒಂದೇ ವೇಗದಲ್ಲಿ ಹೋಗುವಾಗ ಸುಮ್ಮಸುಮ್ಮನೆ ಜರ್ಕ್ ಹೊಡೆದರೆ ಎಲ್ಲರ ಕೈ ಮೊದಲು ಹೋಗುವುದು ಪೆಟ್ರೋಲ್ ಪಂಪಿಗೆ, ಆಮೇಲೆ ಇಂಜೆಕ್ಟರಿಗೆ, ಕೊನೆಗೆ ಲ್ಯಾಪ್‌ಟಾಪಿನಲ್ಲಿರುವ ಪೆಟ್ರೋಲ್ ಲೆಕ್ಕದ ಕೋಷ್ಟಕಕ್ಕೆ, ಅಂದರೆ ಮ್ಯಾಪಿಗೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಪಕ್ಕದಲ್ಲಿ ಎರಡು ಸ್ಕ್ರೂ ಹಾಕಿ ಕೂರಿಸಿದ, ಬೆಂಕಿಪೊಟ್ಟಣದಷ್ಟಿರುವ ಟಿಪಿಎಸ್ (ಥ್ರಾಟಲ್ ಪೊಸಿಷನ್ ಸೆನ್ಸರ್) ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇಸಿಯು ಮಾತ್ರ ಆ ಸೆನ್ಸರ್ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬುತ್ತದೆ.

ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಜಿಪ್ಸಿ, ಎಸ್ಟೀಮ್‌ನಂಥ ಗಾಡಿಗಳಿಗೆ ಸ್ಪೀಡುವಿನೊ, ಮೆಗಾಸ್ಕ್ವರ್ಟ್ ತರಹದ ಇಸಿಯು ಕೂರಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಬೇರೆ ಕಂಪನಿಯ ಇಸಿಯು ಆದರೆ ಮೆನುವಿನ ಹೆಸರುಗಳು ಬದಲಾಗಬಹುದು, ತಂತಿ ಮತ್ತು ವೋಲ್ಟಿನ ಲೆಕ್ಕ ಬದಲಾಗದು. ಕಾರ್ಬ್ಯುರೇಟರ್ ತೆಗೆದು ಬೇರೆ ಗಾಡಿಯ ಥ್ರಾಟಲ್ ಬಾಡಿ ಹಾಕಿದವರಿಗೂ ಇದೇ ಕ್ರಮ.

ಈ ಸೆನ್ಸರ್‌ನಿಂದ ಇಸಿಯು ಏನೇನು ಮಾಡುತ್ತದೆ?

ಸೆನ್ಸರಿನೊಳಗೆ ಇರುವುದು ರೇಡಿಯೊದ ವಾಲ್ಯೂಮ್ ಕಂಟ್ರೋಲಿನಂಥದ್ದೇ ಒಂದು ಪಟ್ಟಿ. ಪಟ್ಟಿಯ ಒಂದು ತುದಿಗೆ 5 ವೋಲ್ಟ್, ಇನ್ನೊಂದು ತುದಿಗೆ ಗ್ರೌಂಡ್. ಮಧ್ಯದಲ್ಲಿ ಓಡಾಡುವ ವೈಪರ್ ಥ್ರಾಟಲ್ ಎಷ್ಟು ತೆರೆದಿದೆಯೋ ಅದಕ್ಕೆ ತಕ್ಕ ವೋಲ್ಟೇಜನ್ನು ಕಳಿಸುತ್ತದೆ. ಇದರ ಮೇಲೆ ನಾಲ್ಕು ಕೆಲಸಗಳು ನಿಂತಿವೆ. ಎಕ್ಸಲರೇಟರ್ ಎಷ್ಟು ಬೇಗ ಒತ್ತಿದಿರಿ ಎಂದು ನೋಡಿ ಆ ಕ್ಷಣಕ್ಕೆ ಹೆಚ್ಚುವರಿ ಪೆಟ್ರೋಲ್ ಕೊಡುವುದು ಒಂದು. ಕಾಲು ಪೂರ್ತಿ ತೆಗೆದಿದ್ದೀರಿ ಎಂದು ತಿಳಿದು ಐಡ್ಲಿಂಗ್ ಹಿಡಿಯುವುದು, ಇಳಿಜಾರಿನಲ್ಲಿ ಇಂಜೆಕ್ಟರ್ ನಿಲ್ಲಿಸುವುದು ಇನ್ನೊಂದು. ಸ್ಟಾರ್ಟ್ ಮಾಡುವಾಗ ಪೆಡಲ್ ಪೂರ್ತಿ ಒತ್ತಿದ್ದರೆ ಎಂಜಿನ್ ಫ್ಲಡ್ ಆಗಿದೆ ಎಂದುಕೊಂಡು ಪೆಟ್ರೋಲ್ ಕಡಿತ ಮಾಡುವುದು ಮೂರನೆಯದು. ಆಲ್ಫಾ-ಎನ್ ಪದ್ಧತಿಯಲ್ಲಿ ಟ್ಯೂನ್ ಮಾಡಿದ್ದರೆ ಎಂಜಿನ್ನಿನ ಲೋಡ್ ಲೆಕ್ಕವೇ ಟಿಪಿಎಸ್ ಮೇಲೆ ನಡೆಯುತ್ತದೆ. ಆಗಂತೂ ಸೆನ್ಸರ್ ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಮೂರನೆಯದನ್ನು ನೆನಪಿಟ್ಟುಕೊಳ್ಳಿ. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಸ್ಪಾರ್ಕ್ ಇದೆ, ಪಂಪ್ ಓಡುತ್ತದೆ, ಆದರೂ ಪ್ಲಗ್ ಒಣಗಿದೆ ಎಂದರೆ ಟಿಪಿಎಸ್ ಉಲ್ಟಾ ಓದುತ್ತಿದೆಯೇ ಎಂದು ನೋಡಿ. ಮುಚ್ಚಿದ ಥ್ರಾಟಲನ್ನು ಇಸಿಯು ನೂರು ಪ್ರತಿಶತ ಎಂದು ತಿಳಿದರೆ ಇಂಜೆಕ್ಟರನ್ನು ತೆರೆಯುವುದೇ ಇಲ್ಲ.

ಹೊಂದುವ ಸೆನ್ಸರ್ ಆರಿಸುವುದು

ಅಂಗಡಿಯಲ್ಲಿ "ಇದು ಎಲ್ಲದಕ್ಕೂ ಆಗತ್ತೆ" ಎಂದು ಕೊಟ್ಟರೆ ತೆಗೆದುಕೊಂಡು ಬರಬೇಡಿ. ಹೊರಗಿನ ಇಸಿಯುಗೆ ಪಾರ್ಟ್ ನಂಬರ್ ಹೊಂದಬೇಕಿಲ್ಲ, ಸೆನ್ಸರಿನ ಅಂಗಾಂಗ ಹೊಂದಬೇಕು. ಹಳೆಯ ಥ್ರಾಟಲ್ ಬಾಡಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು. ಬೆಂಗಳೂರಿನ ಜೆಸಿ ರಸ್ತೆಯಿಂದ ತರಿಸುವುದಾದರೆ ಅಳತೆ ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು ಕಳಿಸಿ.

ಮೊದಲ ಪ್ರಶ್ನೆ, ಅದು ಸೆನ್ಸರೋ ಬರೀ ಸ್ವಿಚ್ಚೋ? ಹಳೆಯ ಕೆಲವು ಗಾಡಿಗಳಲ್ಲಿ ನೋಡಲು ಥೇಟ್ ಟಿಪಿಎಸ್‌ನಂತೆಯೇ ಇರುವ, ಮೂರು ಪಿನ್ನಿನದೇ ಆದ ಥ್ರಾಟಲ್ ಸ್ವಿಚ್ ಇರುತ್ತದೆ. ಅದು ಪೂರ್ತಿ ಮುಚ್ಚಿದೆ, ಪೂರ್ತಿ ತೆರೆದಿದೆ ಎಂದಷ್ಟೇ ಹೇಳುತ್ತದೆ, ನಡುವಿನದನ್ನು ಹೇಳುವುದಿಲ್ಲ. ಮೀಟರ್ ಹಿಡಿದು ತಿರುಗಿಸಿದಾಗ ಓಮ್ ನಿಧಾನಕ್ಕೆ ಏರದೆ ಸೊನ್ನೆ ಇಲ್ಲವೇ ಓಪನ್ ಎಂದು ಹಾರಿದರೆ ಅದು ಸ್ವಿಚ್. ನಮಗೆ ಉಪಯೋಗವಿಲ್ಲ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಪಿನ್ ಇದ್ದರೆ ಎರಡು ಪಟ್ಟಿ ಇರುವ ಸೆನ್ಸರ್ ಇರಬಹುದು, ಇಲ್ಲವೇ ಸೆನ್ಸರಿನೊಳಗೇ ಐಡಲ್ ಸ್ವಿಚ್ ಸೇರಿರಬಹುದು. ಮೀಟರಿನಲ್ಲಿ ಸರಿಯಾದ ಮೂರು ಪಿನ್ ಹುಡುಕಿಕೊಂಡರೆ ಇದನ್ನು ಬಳಸಬಹುದು. ಅಯಸ್ಕಾಂತ ಬಳಸುವ ಹಾಲ್ ತಂತ್ರದ, ಪಟ್ಟಿ ಉಜ್ಜದ ಸೆನ್ಸರುಗಳೂ ಬಂದಿವೆ. ಅವು ಸವೆಯುವುದಿಲ್ಲ, ಆದರೆ ಓಮ್ ಅಳೆದು ಪಿನ್ ಕಂಡುಹಿಡಿಯಲಾಗದು, 5 ವೋಲ್ಟ್ ಉಲ್ಟಾ ಕೊಟ್ಟರೆ ಸುಟ್ಟೇ ಹೋಗಬಹುದು. ಪಿನ್ ಚಿತ್ರ ಕೈಯಲ್ಲಿಲ್ಲದೆ ಅವನ್ನು ಮುಟ್ಟಬೇಡಿ.

ಎರಡನೆಯದು ಶಾಫ್ಟ್. ಬಾಷ್‌ನ ಹೆಚ್ಚು ಬಳಕೆಯ ಸೆನ್ಸರುಗಳಲ್ಲಿ ಇಂಗ್ಲಿಷಿನ 'ಡಿ' ಅಕ್ಷರದ ಆಕಾರದ ರಂಧ್ರ ಇರುತ್ತದೆ. ಜಪಾನಿ ಗಾಡಿಗಳ ಅನೇಕ ಸೆನ್ಸರುಗಳಲ್ಲಿ ಎರಡು ಕೊಂಬಿನಂಥ ನಾಲಿಗೆ ಇದ್ದು ಅದನ್ನು ಶಾಫ್ಟಿನ ಚಪ್ಪಟೆ ತುದಿ ತಳ್ಳುತ್ತದೆ. ಆಕಾರ ಒಂದೇ ಆಗಿದ್ದರೂ ಸಡಿಲವಿದ್ದರೆ ಬೇಡ. ಲೆಕ್ಕ ಹಾಕಿ ನೋಡಿ: ಥ್ರಾಟಲ್ ಒಟ್ಟು ತಿರುಗುವುದು ಸುಮಾರು 85 ಡಿಗ್ರಿ, ಅದರಲ್ಲಿ 1 ಡಿಗ್ರಿ ಆಟ ಇದ್ದರೆ 1.2 ಪ್ರತಿಶತ ಹೋಯಿತು. ಐಡ್ಲಿಂಗ್ ಗುರುತಿಸಲು ಇಸಿಯು ಇಟ್ಟುಕೊಳ್ಳುವ ಮಿತಿಯೇ 1-2 ಪ್ರತಿಶತ. ಹಾಗಾಗಿ ಕಾಲು ತೆಗೆದಾಗೊಮ್ಮೆ ಐಡ್ಲಿಂಗ್ ಸಿಗುತ್ತದೆ, ಇನ್ನೊಮ್ಮೆ ಸಿಗುವುದಿಲ್ಲ.

ಮೂರನೆಯದು ತಿರುಗುವ ದಿಕ್ಕು. ಸ್ಪ್ರಿಂಗ್ ಇಲ್ಲದ ಸೆನ್ಸರಾದರೆ ಬಲಸುತ್ತು, ಎಡಸುತ್ತು ಎರಡಕ್ಕೂ ನಡೆಯಬಹುದು, 5 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು ಮಾಡಿದರೆ ಆಯಿತು. ಒಳಗೆ ಸ್ಪ್ರಿಂಗ್ ಇರುವ ಸೆನ್ಸರಾದರೆ, ಥ್ರಾಟಲ್ ತೆರೆಯುವಾಗ ಆ ಸ್ಪ್ರಿಂಗ್ ಬಿಗಿಯಾಗಬೇಕು, ಮುಚ್ಚುವಾಗ ಸಡಿಲಾಗಬೇಕು. ಉಲ್ಟಾ ದಿಕ್ಕಿನದನ್ನು ಒತ್ತಾಯದಿಂದ ಕೂರಿಸಿದರೆ ಅದು ಥ್ರಾಟಲನ್ನು ತೆರೆಯುವ ಕಡೆಗೆ ಎಳೆಯುತ್ತಿರುತ್ತದೆ. ಘಾಟಿ ರಸ್ತೆಯಲ್ಲಿ ಓಡುವ ಗಾಡಿಗೆ ಇದಕ್ಕಿಂತ ಅಪಾಯದ ಜೋಡಣೆ ಇನ್ನೊಂದಿಲ್ಲ.

ನಾಲ್ಕನೆಯದು ಕೋನ. ಸೆನ್ಸರ್ ತಿರುಗುವ ವ್ಯಾಪ್ತಿ ಥ್ರಾಟಲಿನದಕ್ಕಿಂತ ಎರಡೂ ಕಡೆ ಸ್ವಲ್ಪ ಹೆಚ್ಚಿರಬೇಕು. ಕಡಿಮೆ ಇದ್ದರೆ ಪೆಡಲಿನ ಬಲವೆಲ್ಲ ಸೆನ್ಸರಿನ ಪ್ಲಾಸ್ಟಿಕ್ ತಡೆಯ ಮೇಲೆ ಬಿದ್ದು ಅದು ಒಡೆಯುತ್ತದೆ. ತೀರಾ ಹೆಚ್ಚಿದ್ದರೂ ನಷ್ಟವೇ, ಸಿಗ್ನಲಿನ ಹರಹು ಕಿರಿದಾಗುತ್ತದೆ. ಮುಚ್ಚಿದಾಗಿನ ಮತ್ತು ತೆರೆದಾಗಿನ ವೋಲ್ಟೇಜಿನ ನಡುವೆ ಕನಿಷ್ಠ 3 ವೋಲ್ಟ್ ಅಂತರ ಸಿಗುವಂಥದ್ದನ್ನು ನೋಡಿಕೊಳ್ಳಿ.

ಗುಜರಿಯ ಸೆನ್ಸರ್ ಅಗ್ಗ. ಆದರೆ ಪಟ್ಟಿ ಸವೆಯುವುದು ಹೆಚ್ಚು ಬಳಕೆಯ ಜಾಗದಲ್ಲಿ, ಅಂದರೆ ಥ್ರಾಟಲ್ ಕಾಲುಭಾಗ ತೆರೆಯುವುದರೊಳಗೆ. ನಮ್ಮ ತಿರುವಿನ ರಸ್ತೆಗಳಲ್ಲಿ ಕಾಲು ಯಾವಾಗಲೂ ಇರುವುದೇ ಅಲ್ಲಿ. ಹೊಸದನ್ನೇ ಕೊಳ್ಳಿ, ಕನೆಕ್ಟರಿನ ಹೆಣ್ಣು ಭಾಗ ಮತ್ತು ಅದರ ರಬ್ಬರ್ ಸೀಲುಗಳನ್ನೂ ಜೊತೆಗೇ ಕೊಳ್ಳಿ. ಸೀಲಿಲ್ಲದ ಕನೆಕ್ಟರ್ ಇಲ್ಲಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಉಳಿದಂತೆ ಬೇಕಾಗುವುದು: 0.5 ಚದರ ಮಿಲಿಮೀಟರಿನ ಆಟೊಮೋಟಿವ್ ವೈರ್ ಮೂರು ಬಣ್ಣದಲ್ಲಿ ತಲಾ 3 ಮೀಟರ್, 4 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತುಂಡು, ಎಂ4 ಸ್ಟೀಲ್ ಸ್ಕ್ರೂ ಮತ್ತು ಸ್ಪ್ರಿಂಗ್ ವಾಷರ್, ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಕೊಳವೆ, ಸಿಲಿಕೋನ್ ಗ್ರೀಸ್, ಕ್ರಿಂಪಿಂಗ್ ಇಕ್ಕುಳ, ಒಂದು ಡಿಜಿಟಲ್ ಮೀಟರ್. ಸೂಜಿ ಇರುವ ಹಳೆಯ ಮೀಟರ್ ಮನೆಯಲ್ಲಿದ್ದರೆ ಅದನ್ನೂ ತೆಗೆದಿಡಿ, ಬೇಕಾಗುತ್ತದೆ.

ಮೂರು ಪಿನ್ನುಗಳನ್ನು ಮೀಟರಿನಲ್ಲಿ ಗುರುತಿಸುವುದು

ತಂತಿಯ ಬಣ್ಣ ನಂಬಬೇಡಿ, ಅಂತರ್ಜಾಲದ ಚಿತ್ರವನ್ನೂ ನಂಬಬೇಡಿ. ಸೆನ್ಸರನ್ನು ಮೇಜಿನ ಮೇಲಿಟ್ಟು ಪಿನ್ನುಗಳಿಗೆ 1, 2, 3 ಎಂದು ಗುರುತು ಹಾಕಿ. ಮೀಟರನ್ನು 20 ಕಿಲೋಓಮ್ ವ್ಯಾಪ್ತಿಗೆ ತಿರುಗಿಸಿ. ಮೂರು ಜೋಡಿಗಳನ್ನೂ ಅಳೆಯಿರಿ: 1-2, 1-3, 2-3. ಪ್ರತಿ ಜೋಡಿಗೂ ಥ್ರಾಟಲ್ ಮುಚ್ಚಿದ ಸ್ಥಿತಿಯ ಅಂಕಿ ಒಂದು, ತೆರೆದ ಸ್ಥಿತಿಯದು ಒಂದು.

ಒಂದು ಉದಾಹರಣೆ. 1-2 ನಡುವೆ ಹೇಗೆ ತಿರುಗಿಸಿದರೂ 2.0 ಕಿಲೋಓಮ್. 1-3 ನಡುವೆ ಮುಚ್ಚಿದಾಗ 1.2, ತೆರೆದಾಗ 2.8. 2-3 ನಡುವೆ ಮುಚ್ಚಿದಾಗ 2.8, ತೆರೆದಾಗ 1.2. ಬದಲಾಗದ ಜೋಡಿ ಪಟ್ಟಿಯ ಎರಡು ತುದಿಗಳು, ಹಾಗಾಗಿ ಉಳಿದ 3ನೆಯ ಪಿನ್ನೇ ಸಿಗ್ನಲ್. ಈಗ ಎರಡು ತುದಿಗಳಲ್ಲಿ ಯಾವುದು ಗ್ರೌಂಡ್? ಥ್ರಾಟಲ್ ಮುಚ್ಚಿದ್ದಾಗ ಸಿಗ್ನಲಿಗೆ ಹತ್ತಿರ ಇರುವುದು, ಅಂದರೆ ಕಡಿಮೆ ಓಮ್ ತೋರಿಸುವ ತುದಿ. ಇಲ್ಲಿ 1ನೆಯ ಪಿನ್. ಉಳಿದ 2ನೆಯದಕ್ಕೆ 5 ವೋಲ್ಟ್.

1.2 ಮತ್ತು 2.8 ಕೂಡಿದರೆ 4.0 ಬರುತ್ತದೆ, ಪಟ್ಟಿಯೋ ಬರೀ 2.0. ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅನೇಕ ಸೆನ್ಸರುಗಳಲ್ಲಿ ವೈಪರಿನ ಸಾಲಿನಲ್ಲಿ ಸುಮಾರು 1 ಕಿಲೋಓಮಿನ ರಕ್ಷಣಾ ರೋಧಕ ಇರುತ್ತದೆ, ಎರಡೂ ಅಳತೆಯಲ್ಲಿ ಅದು ಸೇರಿಕೊಂಡಿದೆ. ತಂತಿ ತಪ್ಪಾಗಿ ಜೋಡಿಸಿದರೂ ಸೆನ್ಸರ್ ಸುಡದಂತೆ ಕಾಯುವುದು ಅದೇ.

ಈಗ ಸೂಜಿ ಮೀಟರನ್ನು ಗ್ರೌಂಡ್ ಮತ್ತು ಸಿಗ್ನಲ್ ಪಿನ್ನಿಗೆ ಹಿಡಿದು ಶಾಫ್ಟನ್ನು ಹತ್ತು ಸೆಕೆಂಡಿನಷ್ಟು ನಿಧಾನವಾಗಿ ತಿರುಗಿಸಿ. ಸೂಜಿ ಹಾವು ಹರಿದಂತೆ ನಯವಾಗಿ ಏರಬೇಕು. ನಡುವೆ ಎಲ್ಲಾದರೂ ಸಣ್ಣಗೆ ಬೆಚ್ಚಿದರೆ ಅಲ್ಲಿ ಪಟ್ಟಿ ಸವೆದಿದೆ. ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುವುದರಿಂದ ಈ ಬೆಚ್ಚುವಿಕೆ ಅದರಲ್ಲಿ ಕಾಣುವುದೇ ಇಲ್ಲ.

ಕೂರಿಸುವುದು

ರಂಧ್ರ ಕೊರೆಯುವುದಿದ್ದರೆ ಥ್ರಾಟಲ್ ಬಾಡಿಯನ್ನು ಎಂಜಿನ್ನಿನಿಂದ ಬಿಚ್ಚಿ ಹೊರಗೆ ತನ್ನಿ. ಅಲ್ಯುಮಿನಿಯಂ ಚೂರು ಒಂದು ಒಳಗೆ ಹೋದರೂ ವಾಲ್ವಿನ ಸೀಟಿಗೆ ಕೇಡು. ಬಿಚ್ಚಿದಾಗಲೇ ಬಟರ್‌ಫ್ಲೈ ಶಾಫ್ಟನ್ನು (ಗಾಳಿಯ ದಾರಿ ಮುಚ್ಚುವ ತಟ್ಟೆಯ ಕಡ್ಡಿ) ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ಶಾಫ್ಟ್ ಅಲುಗಾಡಿದರೆ ಮೊದಲು ಅದರ ಬುಷ್ ಸರಿಮಾಡಿಸಬೇಕು. ಅಲುಗಾಡುವ ಶಾಫ್ಟಿಗೆ ಎಂಥ ಸೆನ್ಸರ್ ಹಾಕಿದರೂ ಅಂಕಿ ನಿಲ್ಲುವುದಿಲ್ಲ, ಪಕ್ಕದಿಂದ ಗಾಳಿಯೂ ಎಳೆಯುತ್ತದೆ.

ಸೆನ್ಸರಿನ ರಂಧ್ರ ನೇರವಾಗಿ ಹೊಂದದಿದ್ದರೆ 4 ಮಿಲಿಮೀಟರ್ ಅಲ್ಯುಮಿನಿಯಂನಲ್ಲಿ ಅಡಾಪ್ಟರ್ ಪ್ಲೇಟ್ ಮಾಡಿಸಿ. ಶಿವಮೊಗ್ಗದಲ್ಲಿ ಫೌಂಡ್ರಿ, ಲೇತ್ ಕೆಲಸ ಮೊದಲಿಂದಲೂ ಇರುವುದರಿಂದ ಇದಕ್ಕೆ ಅಲೆಯಬೇಕಾಗಿಲ್ಲ. ಲೇತಿನವರಿಗೆ ಎರಡು ವಿಷಯ ಒತ್ತಿ ಹೇಳಿ. ಸೆನ್ಸರಿನ ಕೇಂದ್ರ ಮತ್ತು ಶಾಫ್ಟಿನ ಕೇಂದ್ರ 0.2 ಮಿಲಿಮೀಟರಿನೊಳಗೆ ಒಂದೇ ಸಾಲಿನಲ್ಲಿರಬೇಕು, ಇಲ್ಲದಿದ್ದರೆ ಪ್ರತಿ ಸುತ್ತಿಗೂ ವೈಪರ್ ಪಕ್ಕಕ್ಕೆ ಒತ್ತಿ ಪಟ್ಟಿ ಬೇಗ ಸವೆಯುತ್ತದೆ. ಸ್ಕ್ರೂ ರಂಧ್ರಗಳು ಗುಂಡಗಿರದೆ ಬಾಳೆಕಾಯಿಯಂತೆ ಬಾಗಿದ ಸೀಳಾಗಿರಬೇಕು, ಸೆನ್ಸರನ್ನು ಎರಡೂ ಕಡೆಗೆ 10 ಡಿಗ್ರಿಯಷ್ಟು ತಿರುಗಿಸಿ ಹೊಂದಿಸಲು ಅದು ಬೇಕು.

ಶಾಫ್ಟ್ ಸಣ್ಣದಾಗಿ ಸೆನ್ಸರಿನ ರಂಧ್ರ ದೊಡ್ಡದಾದರೆ ಹಿತ್ತಾಳೆಯ ಬುಷ್ ಕಡೆಸಿ ಬಿಗಿಯಾಗಿ ಹೊಡೆಸಿ. ಎಂ-ಸೀಲ್ ತುಂಬಿ ಡಿ ಆಕಾರ ಮಾಡುವವರಿದ್ದಾರೆ. ಎಂಜಿನ್ನಿನ ಬಿಸಿ ಮತ್ತು ನಡುಕಕ್ಕೆ ಅದು ಬಿರುಕು ಬಿಟ್ಟು, ಬಿಡಿ ಚೂರುಗಳು ಥ್ರಾಟಲನ್ನು ತೆರೆದ ಜಾಗದಲ್ಲೇ ಹಿಡಿದುಬಿಡಬಹುದು.

ಕೂರಿಸುವ ಕ್ರಮ ಹೀಗೆ. ಥ್ರಾಟಲ್ ಪೂರ್ತಿ ಮುಚ್ಚಿರಲಿ. ಸೆನ್ಸರನ್ನು ಶಾಫ್ಟಿಗೆ ಸಿಕ್ಕಿಸಿ, ರಂಧ್ರಗಳು ಹೊಂದುವವರೆಗೆ ಸೆನ್ಸರಿನ ಹೊರಮೈಯನ್ನು ತೆರೆಯುವ ದಿಕ್ಕಿಗೆ ವಿರುದ್ಧವಾಗಿ ತುಸು ತಿರುಗಿಸಿ. ಆ ಒಂದು ತುಸು ಬೇಕೇ ಬೇಕು. ಮುಚ್ಚಿದ ಸ್ಥಿತಿಯಲ್ಲಿ ಸೆನ್ಸರ್ ತನ್ನ ತಡೆಗೆ ತಾಗಿ ಕೂತಿರಬಾರದು. ಸ್ಕ್ರೂಗಳನ್ನು ಬೆರಳಲ್ಲಷ್ಟೇ ಬಿಗಿ ಮಾಡಿ ಥ್ರಾಟಲನ್ನು ಪೂರ್ತಿ ತೆರೆಯಿರಿ. ಥ್ರಾಟಲ್ ಬಾಡಿಯ ಲೋಹದ ತಡೆ 'ಟಕ್' ಎಂದು ಮೊದಲು ತಾಗಬೇಕು. ರಬ್ಬರಿನಂತೆ ಮೆತ್ತಗೆ ನಿಂತರೆ ತಾಗಿದ್ದು ಸೆನ್ಸರಿನ ಒಳಗಿನ ಪ್ಲಾಸ್ಟಿಕ್.

ಮುಂದಿನ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಥ್ರಾಟಲನ್ನು ಪೂರ್ತಿ ತೆರೆದು ಕೈ ಬಿಡಿ. ತಕ್ಷಣ, ತಾನಾಗಿಯೇ ಮುಚ್ಚಿಕೊಳ್ಳಬೇಕು. ಅರ್ಧ ತೆರೆದು ಬಿಡಿ, ಸ್ವಲ್ಪವೇ ತೆರೆದು ಬಿಡಿ. ಸ್ವಲ್ಪ ತೆರೆದಾಗ ಸ್ಪ್ರಿಂಗಿನ ಬಲ ಕಡಿಮೆ, ಅಂಟಿಕೊಳ್ಳುವುದಿದ್ದರೆ ಅಲ್ಲೇ ಅಂಟುತ್ತದೆ. ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ, ಎಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ ಇದನ್ನೇ ಮಾಡಿ.

ವೈರಿಂಗ್

ಮೂರೇ ತಂತಿ, ಆದರೆ ಮೂರೂ ಇಸಿಯುವಿಗೇ ಹೋಗಬೇಕು. 5 ವೋಲ್ಟನ್ನು ಬ್ಯಾಟರಿಯಿಂದ ಪ್ರತ್ಯೇಕ ರೆಗ್ಯುಲೇಟರ್ ಹಾಕಿ ತೆಗೆಯಬೇಡಿ. ಇಸಿಯು ತನ್ನದೇ 5 ವೋಲ್ಟಿನ ಅಳತೆಗೋಲಿನಲ್ಲಿ ಸಿಗ್ನಲನ್ನು ಅಳೆಯುತ್ತದೆ. ಅದು 4.95ಕ್ಕೆ ಇಳಿದರೆ ಸಿಗ್ನಲೂ ಅದೇ ಪ್ರಮಾಣದಲ್ಲಿ ಇಳಿದು ಲೆಕ್ಕ ಸರಿಹೋಗುತ್ತದೆ. ಬೇರೆ ಮೂಲದಿಂದ ತೆಗೆದರೆ ಈ ಹೊಂದಾಣಿಕೆ ತಪ್ಪುತ್ತದೆ.

ಗ್ರೌಂಡನ್ನೂ ಎಂಜಿನ್ ಬ್ಲಾಕಿಗೆ ಅಥವಾ ಬಾಡಿಗೆ ಕೊಡಬೇಡಿ, ಇಸಿಯುವಿನ ಸೆನ್ಸರ್ ಗ್ರೌಂಡಿಗೇ ಕೊಡಿ. ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ, ಏಕೆಂದರೆ ಗಾಡಿ ಶೆಡ್ಡಿನಲ್ಲಿ ನಿಂತಿರುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಗುಂಬೆಯ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್, ರೇಡಿಯೇಟರ್ ಫ್ಯಾನ್ ಎಲ್ಲ ಒಟ್ಟಿಗೆ ಓಡುವಾಗ ಬ್ಲಾಕಿಗೂ ಬ್ಯಾಟರಿಗೂ ನಡುವೆ 0.1 ವೋಲ್ಟ್ ವ್ಯತ್ಯಾಸ ಬಂದರೆ ಸಾಕು. 4 ವೋಲ್ಟ್ ಹರಹಿನಲ್ಲಿ ಅದು 2.5 ಪ್ರತಿಶತ. ಫ್ಯಾನ್ ಚಾಲೂ ಆದಾಗೊಮ್ಮೆ ಇಸಿಯು ನೀವು ಪೆಡಲ್ ಮುಟ್ಟಿದಿರಿ ಎಂದುಕೊಳ್ಳುತ್ತದೆ.

ತಂತಿಯನ್ನು ಇಗ್ನಿಷನ್ ಕಾಯಿಲ್, ಪ್ಲಗ್ ವೈರ್, ಆಲ್ಟರ್ನೇಟರ್ ಕೇಬಲ್ಲಿನಿಂದ ಕನಿಷ್ಠ 10 ಸೆಂಟಿಮೀಟರ್ ದೂರ ಒಯ್ಯಿರಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ. ಶೀಲ್ಡ್ ಇರುವ ಕೇಬಲ್ ಬಳಸಿದರೆ ಶೀಲ್ಡನ್ನು ಇಸಿಯು ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ. ಕನೆಕ್ಟರಿನ ಟರ್ಮಿನಲ್ಲುಗಳನ್ನು ಸರಿಯಾದ ಇಕ್ಕುಳದಲ್ಲಿ ಕ್ರಿಂಪ್ ಮಾಡಿ. ಬೆಸುಗೆ ಹಾಕಿದ ತಂತಿ ಬೆಸುಗೆ ಮುಗಿಯುವ ಜಾಗದಲ್ಲಿ ಗಡುಸಾಗಿ, ನಡುಕಕ್ಕೆ ಅಲ್ಲೇ ತುಂಡಾಗುತ್ತದೆ.

ಕನೆಕ್ಟರ್ ಸಿಕ್ಕಿಸುವ ಮೊದಲು ಇಗ್ನಿಷನ್ ಆನ್ ಮಾಡಿ, ತಂತಿ ಕಡೆಯ ಪಿನ್ನುಗಳಲ್ಲಿ ಅಳೆಯಿರಿ: 5 ವೋಲ್ಟಿನ ಪಿನ್ನಿಗೂ ಸೆನ್ಸರ್ ಗ್ರೌಂಡಿಗೂ ನಡುವೆ 4.9ರಿಂದ 5.1 ಇರಬೇಕು. ಆಮೇಲೆ ಆಫ್ ಮಾಡಿ, ಕನೆಕ್ಟರ್ ಹಾಕಿ, ಮತ್ತೆ ಆನ್ ಮಾಡಿ. ಈಗ ಸಿಗ್ನಲ್ ತಂತಿಯ ವೋಲ್ಟೇಜ್ ನೋಡುತ್ತ ಸೆನ್ಸರನ್ನು ಸೀಳಿನಲ್ಲಿ ತಿರುಗಿಸಿ, ಮುಚ್ಚಿದಾಗ 0.4ರಿಂದ 0.7, ಪೂರ್ತಿ ತೆರೆದಾಗ 4.0ರಿಂದ 4.6 ಬರುವಂತೆ ಹೊಂದಿಸಿ, ಸ್ಕ್ರೂ ಬಿಗಿ ಮಾಡಿ. ಸುಮಾರು 2 ನ್ಯೂಟನ್ ಮೀಟರ್ ಸಾಕು, ಅಂದರೆ ಸಣ್ಣ ಸ್ಕ್ರೂಡ್ರೈವರನ್ನು ಮಣಿಕಟ್ಟಿನ ಬಲದಲ್ಲಿ ತಿರುಗಿಸಿದಷ್ಟು. ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಕಿವಿ ಸೀಳುತ್ತದೆ. ಮುಚ್ಚಿದಾಗ ಸೊನ್ನೆಯೇ ಬರಲಿ ಎಂದು ಹೊಂದಿಸಬೇಡಿ. ಸೊನ್ನೆ ಎಂದರೆ ಥ್ರಾಟಲ್ ಮುಚ್ಚಿದೆಯೋ ತಂತಿ ತುಂಡಾಗಿದೆಯೋ ಎಂದು ಇಸಿಯುವಿಗೆ ತಿಳಿಯುವ ದಾರಿಯೇ ಉಳಿಯುವುದಿಲ್ಲ.

ತಂತಿ ಅದಲುಬದಲಾದರೆ ಕಾಣುವ ಲಕ್ಷಣಗಳು ಬೇರೆ ಬೇರೆ. 5 ವೋಲ್ಟ್ ಮತ್ತು ಗ್ರೌಂಡ್ ಅದಲಿಬದಲಿಯಾದರೆ ಪಟ್ಟಿ ಇರುವ ಸೆನ್ಸರಿಗೆ ಹಾನಿಯಿಲ್ಲ, ಪೆಡಲ್ ಒತ್ತಿದಂತೆ ವೋಲ್ಟೇಜ್ ಇಳಿಯುತ್ತದೆ ಅಷ್ಟೆ. ರಕ್ಷಣಾ ರೋಧಕ ಇಲ್ಲದ ಸೆನ್ಸರಿನಲ್ಲಿ ಸಿಗ್ನಲ್ ಮತ್ತು ಗ್ರೌಂಡ್ ಅದಲಿಬದಲಿಯಾದರೆ ಇಸಿಯುವಿಗೆ ಸದಾ ಸೊನ್ನೆ ಕಾಣುತ್ತದೆ. ಗಾಡಿ ಐಡ್ಲಿಂಗಿನಲ್ಲಿ ಚೆನ್ನಾಗಿಯೇ ಓಡುತ್ತದೆ, ಪೂರ್ತಿ ಒತ್ತಿದಾಗ ವೈಪರ್ 5 ವೋಲ್ಟಿನ ತುದಿಗೆ ಬಂದು ನೇರ ಗ್ರೌಂಡಿಗೆ ಸೇರಿಸುತ್ತದೆ. ಆಗ 5 ವೋಲ್ಟ್ ಕುಸಿದು, ಅದೇ ಸಾಲಿನಲ್ಲಿರುವ, ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರೂ ಸತ್ತು ಎಂಜಿನ್ ಆಫ್. ಅಂಥದೇ ಸೆನ್ಸರಿನಲ್ಲಿ ಸಿಗ್ನಲ್ ಮತ್ತು 5 ವೋಲ್ಟ್ ಅದಲಿಬದಲಿಯಾದರೆ ಸದಾ 5 ವೋಲ್ಟ್ ಕಾಣುತ್ತದೆ, ಕುಸಿತ ಮುಚ್ಚಿದ ಥ್ರಾಟಲಿನಲ್ಲೇ ಆಗುತ್ತದೆ. ಇಗ್ನಿಷನ್ ಹಾಕುತ್ತಲೇ ಲ್ಯಾಪ್‌ಟಾಪ್ ಸಂಪರ್ಕ ಕಡಿದುಹೋದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಇಸಿಯುಗೆ ಕಲಿಸುವುದು

ಕ್ಯಾಲಿಬ್ರೇಷನ್‌ಗೂ ಮೊದಲು ಐಡ್ಲಿಂಗ್ ಸ್ಕ್ರೂವನ್ನು ಐಡ್ಲಿಂಗ್ ಸರಿಯಾಗಿ ಸಿಗುವ ಜಾಗಕ್ಕೆ ತಂದು, ಮತ್ತೆ ಮುಟ್ಟದಂತೆ ನಿಲ್ಲಿಸಿ. ಆಮೇಲೆ ಆ ಸ್ಕ್ರೂ ಕಾಲು ಸುತ್ತು ತಿರುಗಿದರೂ ಕ್ಯಾಲಿಬ್ರೇಷನ್ ಮತ್ತೆ ಮಾಡಬೇಕು.

ಟ್ಯೂನರ್‌ಸ್ಟುಡಿಯೊ (ಇಸಿಯು ಹೊಂದಿಸುವ ಲ್ಯಾಪ್‌ಟಾಪ್ ಸಾಫ್ಟ್‌ವೇರ್) ಬಳಸುವವರು ಇಗ್ನಿಷನ್ ಆನ್, ಎಂಜಿನ್ ಆಫ್ ಸ್ಥಿತಿಯಲ್ಲಿ 'ಟೂಲ್ಸ್' ಮೆನುವಿನ 'ಕ್ಯಾಲಿಬ್ರೇಟ್ ಟಿಪಿಎಸ್' ತೆರೆಯಿರಿ. ಕಾಲು ತೆಗೆದು ಮುಚ್ಚಿದ ಸ್ಥಿತಿಯ 'ಗೆಟ್ ಕರೆಂಟ್' ಒತ್ತಿ. ಆಮೇಲೆ ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ ಪೆಡಲನ್ನು ನೆಲಕ್ಕೆ ಒತ್ತಿಸಿ, ತೆರೆದ ಸ್ಥಿತಿಯ 'ಗೆಟ್ ಕರೆಂಟ್' ಒತ್ತಿ. 'ಅಕ್ಸೆಪ್ಟ್' ಮಾಡಿ, ಇಗ್ನಿಷನ್ ಒಮ್ಮೆ ಆಫ್-ಆನ್ ಮಾಡಿ. ಇಸಿಯು 0-5 ವೋಲ್ಟನ್ನು 0ಯಿಂದ 1023ರ ಅಂಕಿಯಲ್ಲಿ ತೋರಿಸುವುದಾದರೆ 0.5 ವೋಲ್ಟ್ ಎಂದರೆ 102ರ ಆಸುಪಾಸು, 4.5 ಎಂದರೆ 921. 0ಯಿಂದ 255ರ ಲೆಕ್ಕವಿರುವ ಇಸಿಯುವಿನಲ್ಲಿ ಅವೇ 26 ಮತ್ತು 230.

ಪೆಡಲ್ ಒತ್ತಿಸಿ ಎಂದದ್ದಕ್ಕೆ ಕಾರಣವಿದೆ. ಬಾನೆಟ್ಟಿನ ಕಡೆಯಿಂದ ಕೈಯಲ್ಲಿ ಥ್ರಾಟಲ್ ಎಳೆದರೆ ಪೂರ್ತಿ ತೆರೆಯುತ್ತದೆ. ಓಡಿಸುವಾಗ ಒತ್ತುವುದು ಕಾಲು, ಅದು ಕೇಬಲ್ ಮೂಲಕ. ಕೇಬಲ್ ಸಡಿಲವಿದ್ದರೆ, ಇಲ್ಲವೇ ಕೆಸರಿಗೆಂದು ಹಾಸಿದ ದಪ್ಪ ರಬ್ಬರ್ ಮ್ಯಾಟ್ ಪೆಡಲಿನ ಕೆಳಗೆ ಸಿಕ್ಕಿದರೆ ಥ್ರಾಟಲ್ 85 ಪ್ರತಿಶತದಲ್ಲೇ ನಿಂತುಬಿಡುತ್ತದೆ. ಕೈಯಲ್ಲಿ ಎಳೆದು ಪೂರ್ತಿ, ಕಾಲಲ್ಲಿ ಒತ್ತಿ ಪೂರ್ತಿ, ಎರಡರ ಅಂಕಿಯೂ ಒಂದೇ ಬಂದರೆ ಮಾತ್ರ ಮುಂದಕ್ಕೆ ಹೋಗಿ. ಬರದಿದ್ದರೆ ಕೇಬಲ್ ಮತ್ತು ಮ್ಯಾಟ್ ಸರಿಮಾಡಿ, ಕಡಿಮೆ ಅಂಕಿಯನ್ನೇ ನೂರು ಪ್ರತಿಶತ ಎಂದು ಒಪ್ಪಿಕೊಳ್ಳಬೇಡಿ.

ಈಗ ಡೇಟಾಲಾಗ್ ಹಾಕಿ, ಎಂಜಿನ್ ಆಫ್ ಇರುವಾಗಲೇ ಪೆಡಲನ್ನು ನಿಧಾನವಾಗಿ ಒತ್ತಿ ಬಿಡಿ. ಗೆರೆ ನುಣುಪಾಗಿರಬೇಕು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಕಾಲು ತೆಗೆದು ನೋಡಿ. ಅಂಕಿ ಒಂದೆರಡು ಹೆಜ್ಜೆ ನಡುಗಿದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚು ಕುಣಿದರೆ ಇಗ್ನಿಷನ್ನಿನ ಗದ್ದಲ ತಂತಿಗೆ ಹತ್ತುತ್ತಿದೆ. ಈ ಕುಣಿತವನ್ನು ಇಸಿಯು ಪೆಡಲ್ ಒತ್ತಿದ್ದೆಂದು ತಿಳಿದು ಕ್ಷಣಕ್ಷಣಕ್ಕೂ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುತ್ತದೆ. ಮೊದಲಲ್ಲಿ ಹೇಳಿದ ಜರ್ಕ್ ಹುಟ್ಟುವುದು ಇಲ್ಲಿ. ಸಾಫ್ಟ್‌ವೇರಿನಲ್ಲಿ ಟಿಪಿಎಸ್ ವೇಗದ ಮಿತಿ ಏರಿಸಿ ಇದನ್ನು ಮುಚ್ಚಬಹುದು, ಆದರೆ ಪಿಕಪ್ ಮಂಕಾಗುತ್ತದೆ. ಮೊದಲು ತಂತಿಯ ದಾರಿ ಮತ್ತು ಗ್ರೌಂಡ್ ಸರಿಮಾಡಿ, ಉಳಿದ ಚೂರುಪಾರಿಗೆ ಮಾತ್ರ ಮಿತಿ ಬಳಸಿ.

ರಸ್ತೆಯಲ್ಲಿ

ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆವರೆಗೆ ಹೋಗಿ ಬಂದರೆ ಒಂದೇ ವೇಗದ ಓಟದ ಲಾಗ್ ಸಿಗುತ್ತದೆ. ಪಕ್ಕದಲ್ಲಿ ಲ್ಯಾಪ್‌ಟಾಪ್ ನೋಡಲು ಒಬ್ಬರು ಇರಲಿ, ಓಡಿಸುವವರು ಅದನ್ನು ನೋಡುವಂತಿಲ್ಲ.

ನಿಜವಾದ ಪರೀಕ್ಷೆ ಇಳಿಜಾರು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಇಂಜೆಕ್ಟರ್ ನಿಂತಿದೆಯೇ ಎಂದು ಲಾಗಿನಲ್ಲಿ ನೋಡಿ. ಕಾಲು ತೆಗೆದಿದ್ದರೂ ಟಿಪಿಎಸ್ 2 ಪ್ರತಿಶತ ತೋರಿಸುತ್ತಿದ್ದರೆ ಪೆಟ್ರೋಲ್ ಕಡಿತ ಆಗುವುದೇ ಇಲ್ಲ. ಎಂಜಿನ್ ಬ್ರೇಕ್ ಸಡಿಲವಾಗಿ ಭಾರವೆಲ್ಲ ಬ್ರೇಕ್ ಲೈನರ್ ಮೇಲೆ ಬೀಳುತ್ತದೆ. ತಿರುವಿನ ನಡುವೆ ತುಸುವೇ ಪೆಡಲ್ ಕೊಟ್ಟರೂ 0 ತೋರಿಸುತ್ತಿದ್ದರೆ ಕಡಿತ ಅಲ್ಲಿಯೂ ಮುಂದುವರಿದು, ಆಮೇಲೆ ದಿಢೀರನೆ ಬಿಟ್ಟು, ಪ್ರತಿ ಹೇರ್‌ಪಿನ್ನಿನಲ್ಲೂ ಗಾಡಿ ಮುಗ್ಗರಿಸುತ್ತದೆ. ಮೊದಲನೆಯದಕ್ಕೆ ಕ್ಯಾಲಿಬ್ರೇಷನ್ ಮತ್ತೆ ಮಾಡಿ, ಎರಡನೆಯದಕ್ಕೆ ಶಾಫ್ಟಿನ ಆಟ ಹುಡುಕಿ.

ಆಲ್ಫಾ-ಎನ್ ಬಳಸುವವರಿಗೆ ಒಂದು ಎಚ್ಚರಿಕೆ. ಥ್ರಾಟಲ್ ಎಷ್ಟು ತೆರೆದಿದೆ ಎಂಬುದಷ್ಟೇ ಟಿಪಿಎಸ್‌ಗೆ ಗೊತ್ತು, ಹೊರಗಿನ ಗಾಳಿ ಎಷ್ಟು ತೆಳ್ಳಗಿದೆ ಎಂಬುದು ಗೊತ್ತಿಲ್ಲ. ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದ ಶಿವಮೊಗ್ಗದಲ್ಲಿ ಗಾಳಿಯ ಒತ್ತಡ ಸುಮಾರು 95 ಕಿಲೋಪ್ಯಾಸ್ಕಲ್, 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯಲ್ಲಿ 80ರ ಸುಮಾರು. ಇಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಎಂಜಿನ್ ಅಲ್ಲಿ ಹೊಗೆ ಕಾರುತ್ತದೆ. ಬ್ಯಾರೊಮೀಟರ್ ತಿದ್ದುಪಡಿ ಹಾಕಿಕೊಳ್ಳಿ, ಇಲ್ಲವೇ ಮ್ಯಾಪ್ ಸೆನ್ಸರಿನ ಸ್ಪೀಡ್-ಡೆನ್ಸಿಟಿ ಪದ್ಧತಿಗೆ ಹೋಗಿ. ಬೆಟ್ಟ ಹತ್ತಿ ಇಳಿಯುವ ಗಾಡಿಗೆ ಎರಡನೆಯದೇ ಮೇಲು. ಟಿಪಿಎಸ್ ಆಗ ಮೊದಲು ಹೇಳಿದ ಉಳಿದ ಮೂರು ಕೆಲಸಗಳಿಗೆ ಮಾತ್ರ ಉಳಿಯುತ್ತದೆ.

ರಸ್ತೆಯ ಮೇಲೆ ಓಡುವ ಗಾಡಿಯಾದರೆ ಇನ್ನೊಂದು ಮಾತು: ನೋಂದಾಯಿತ ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಕೆಲಸಕ್ಕೆ ಕೈಹಾಕುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಮಳೆಗಾಲಕ್ಕೆ

ಕನೆಕ್ಟರಿಗೆ ನೀರು ಮೇಲಿನಿಂದ ಸುರಿದು ಹೋಗುವುದಕ್ಕಿಂತ ಒಳಗಿನಿಂದ ಎಳೆದುಕೊಳ್ಳುವುದೇ ಹೆಚ್ಚು. ಬಿಸಿಯಾದ ಸೆನ್ಸರ್ ಹಳ್ಳ ದಾಟುವಾಗ ಥಟ್ಟನೆ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ತಂತಿಯ ಸೀಲಿನ ಸಂದಿಯಿಂದ ನೀರು ಒಳಗೆ ಬರುತ್ತದೆ. ಅದಕ್ಕೇ ಪ್ರತಿ ತಂತಿಗೂ ಅದರದೇ ದಪ್ಪಕ್ಕೆ ಹೊಂದುವ ಸೀಲ್ ಬೇಕು. ಸಾಧ್ಯವಾದರೆ ಕನೆಕ್ಟರಿನ ಬಾಯಿ ಕೆಳಮುಖವಾಗಿರಲಿ. ಇಲ್ಲವಾದರೆ ತಂತಿ ಕನೆಕ್ಟರಿನಿಂದ ಮೊದಲು ಕೆಳಗಿಳಿದು ಆಮೇಲೆ ಮೇಲೇರಲಿ, ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಸಿಲಿಕೋನ್ ಗ್ರೀಸನ್ನು ಸೀಲಿಗೆ ತೆಳ್ಳಗೆ ಸವರಿ. ಚಾಸಿ ಗ್ರೀಸ್ ತುಂಬಬೇಡಿ, ಅದು ರಬ್ಬರನ್ನು ಉಬ್ಬಿಸುತ್ತದೆ. ಕೀಲಿಗೆ ಹೊಡೆಯುವ ಸ್ಪ್ರೇಯನ್ನು ಸೆನ್ಸರಿನೊಳಗೆ ಹೊಡೆಯಲೇಬೇಡಿ, ಪಟ್ಟಿಯ ಮೇಲಿರುವ ತೆಳುವಾದ ಲೇಪ ತೊಳೆದುಹೋಗುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಥ್ರಾಟಲ್ ಬಾಡಿಯ ಕಡೆ ಜೆಟ್ ಹಿಡಿಯದಂತೆ ನಿಂತು ಹೇಳಿ.

ಮಳೆ ಹಿಡಿದ ಮೇಲೆ ಇಲಿಗಳು ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಸೇರುತ್ತವೆ. ತಂತಿಗೆ ಬಟ್ಟೆಯ ಟೇಪ್ ಸುತ್ತಿ ಬಿಡುವ ಬದಲು ಸುಕ್ಕು ಕೊಳವೆಯೊಳಗೆ ಹಾಕಿ ಪ್ರತಿ 15 ಸೆಂಟಿಮೀಟರಿಗೆ ಒಂದು ಟೈ ಕಟ್ಟಿ.

ಕೆಲಸ ಮುಗಿದ ದಿನ ಮುಚ್ಚಿದ ಮತ್ತು ತೆರೆದ ಸ್ಥಿತಿಯ ಎರಡು ವೋಲ್ಟೇಜುಗಳನ್ನು ಬಾನೆಟ್ಟಿನ ಒಳಗೆ ಮಾರ್ಕರಿನಲ್ಲಿ ಬರೆದಿಡಿ. ವರ್ಷವರ್ಷ ಮೃಗಶಿರಾ ಮಳೆ ಹಿಡಿಯುವ ಮುಂಚೆ ಕನೆಕ್ಟರ್ ಬಿಚ್ಚಿ ಪಿನ್ನಿನಲ್ಲಿ ಹಸಿರು ಕಿಲುಬು ಇದೆಯೇ ನೋಡಿ, ಮತ್ತೆ ಅಳೆಯಿರಿ. 0.05 ವೋಲ್ಟಿಗಿಂತ ಹೆಚ್ಚು ಸರಿದಿದ್ದರೆ ಮೊದಲು ಸ್ಕ್ರೂ ಸಡಿಲವೇ ನೋಡಿ, ಆಮೇಲೆ ಪಿನ್, ಕೊನೆಗೆ ಸೂಜಿ ಮೀಟರಿನಲ್ಲಿ ಪಟ್ಟಿ.